ಇಲಿ ಉಸಿರಾಡಿದ್ದು ಖರೇ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುರವಣಿಯಲ್ಲಿ ಜೇಮ್ಸ್ ಕ್ಯಾಮರೂನ್ ಅವರ 1989ರ ‘ದಿ ಅಬಿಸ್’ ಬಗ್ಗೆ ಬಂದ ಅಂಕಣ ಓದಿದೆ. ಹಳೆಯ ಇಂಗ್ಲಿಷ್ ಸಿನಿಮಾಗಳ ಆ ಅಂಕಣವನ್ನು ನಾನು ತಪ್ಪದೆ ಓದುವವನು. ಈ ಸಲ ಮಾತ್ರ ಅಂಕಣಕಾರರು ಅವಸರ ಮಾಡಿದ್ದಾರೆ. ಸಮುದ್ರದ ತಳದಲ್ಲಿ ಅನ್ಯಜೀವಿಗಳು ಸಿಗುತ್ತವೆ, ನಡುವೆ ಒಬ್ಬ ಮಾಮೂಲಿ ಮಿಲಿಟರಿ ವಿಲನ್ ಬರುತ್ತಾನೆ, ಕೊನೆಗೆ ಆ ಜೀವಿಗಳೇ ಎಲ್ಲರನ್ನೂ ಉಳಿಸುತ್ತವೆ, ಇಷ್ಟೇ ಕಥೆ ಎಂದು ಮುಗಿಸಿಬಿಟ್ಟಿದ್ದಾರೆ. ಮನುಷ್ಯ ದ್ರವವನ್ನು ಉಸಿರಾಡುವ ದೃಶ್ಯವನ್ನು ಹಸಿ ಸುಳ್ಳು ಎಂದಿದ್ದಾರೆ. ಆ ಮಾತಿಗೇ ನನ್ನ ಮೊದಲ ತಕರಾರು. ಉಳಿದ ತಕರಾರುಗಳೂ ಅದರ ಬೆನ್ನಿಗೇ ಬರುತ್ತವೆ.

ನಾನು ಸಿನಿಮಾ ಪಂಡಿತನಲ್ಲ. ಆಳಂದದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಬೋರ್‌ನಿಂದ ಸಬ್‌ಮರ್ಸಿಬಲ್ ಎತ್ತುವುದು, ಸುಟ್ಟಿದ್ದರೆ ಹೊಸದಾಗಿ ತಂತಿ ಸುತ್ತುವುದು, ಮತ್ತೆ ಇಳಿಸಿ ಚಾಲೂ ಮಾಡಿಕೊಡುವುದು ನನ್ನ ಕೆಲಸ. ಸುತ್ತಲ ಹಳ್ಳಿಗಳವರಿಗೆ ನಾನು ಮಿಸ್ತ್ರಿ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳು ರಜೆಗೆ ಬಂದಾಗ ಲ್ಯಾಪ್‌ಟಾಪ್ ಮುಂದೆ ಕೂರಿಸಿ, “ಅಪ್ಪಾ, ಇದು ನಿನ್ನ ಧಂದೆದ್ದೇ ಸಿನಿಮಾ ಅದ, ನೋಡು” ಎಂದಿದ್ದಳು. ಇಂಗ್ಲಿಷ್ ನನಗೆ ಅರ್ಧಂಬರ್ಧ. ಅರ್ಥವಾಗದ ಮಾತನ್ನು ಅವಳು ಹೇಳುತ್ತಾ ಹೋದಳು. ಆದರೆ ಮುಖ್ಯವಾದ ಕಡೆ ನಾನೇ ಅವಳಿಗೆ ಹೇಳಬೇಕಾಯಿತು.

ಮೊದಲು, ಈ ಸಿನಿಮಾದ ಹೀರೋಗಳು ವಿಜ್ಞಾನಿಗಳಲ್ಲ, ಗಗನಯಾತ್ರಿಗಳಲ್ಲ. ಸಮುದ್ರದ ತಳದಲ್ಲಿ ಎಣ್ಣೆಗಾಗಿ ಡ್ರಿಲ್ ಮಾಡುವ ಕೂಲಿ ಜನ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿಗ್ ಗಾಡಿಯವರು. ನಮ್ಮ ಕಡೆ ಬೋರ್ ಹೊಡೆಯಲು ತಮಿಳುನಾಡಿನ ತಿರುಚೆಂಗೋಡಿನ ಗಾಡಿಗಳು ಬರುತ್ತವೆ. ಆ ಹುಡುಗರು ಮೈತುಂಬ ಕಲ್ಲಿನ ಧೂಳು ಮೆತ್ತಿಕೊಂಡು, ರಾತ್ರಿಯೆಲ್ಲ ರಾಡ್ ಜೋಡಿಸುತ್ತಾ, ಬೈದಾಡುತ್ತಾ, ನಗುತ್ತಾ ಕೆಲಸ ಮಾಡುತ್ತಾರಲ್ಲ, ಸಿನಿಮಾದ ತಂಡವೂ ಅದೇ ಜಾತಿ. ಅಮೆರಿಕದ ಒಂದು ಅಣು ಜಲಾಂತರ್ಗಾಮಿ ಕೆರಿಬಿಯನ್ ಸಮುದ್ರದಲ್ಲಿ, ಕೇಮನ್ ಕಂದಕದ ಅಂಚಿನಲ್ಲಿ ಮುಳುಗುತ್ತದೆ. ಹತ್ತಿರ ಇರುವವರು ಇವರೇ. ಹಾಗಾಗಿ ನೌಕಾಪಡೆ ಇವರನ್ನು ದುಡಿಸಿಕೊಳ್ಳುತ್ತದೆ. ಜೊತೆಗೆ ತನ್ನ ನಾಲ್ಕು ಜನರನ್ನೂ ಇಳಿಸುತ್ತದೆ. ಕಥೆಯನ್ನು ಇನ್ನು ಹೇಳುವುದಿಲ್ಲ. ಅಂಕಣಕಾರರೇ ಹೇಳಿಬಿಟ್ಟಿದ್ದಾರೆ.

ಅವರು ಬಿಟ್ಟದ್ದು ನೀರಿನ ಒತ್ತಡ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕೆಜಿ ಒತ್ತಡ ಜಾಸ್ತಿ ಆಗುತ್ತದೆ. ಪಂಪಿನ ಕೆಲಸ ಮಾಡುವ ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. ಸಿನಿಮಾದ ಹೀರೋ ಬಡ್ ಕೊನೆಗೆ ಐದು ಕಿಲೋಮೀಟರ್‌ಗೂ ಕೆಳಗೆ ಇಳಿಯುತ್ತಾನೆ. ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಐದು ಕ್ವಿಂಟಲ್ ತೊಗರಿ ಹೇರಿದ ಹಾಗೆ. ಮೈಯ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಅಷ್ಟು. ಅಲ್ಲಿ ಮನುಷ್ಯ ಬದುಕುವುದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಸಿನಿಮಾದ ಒಂದೊಂದು ದೃಶ್ಯವೂ ಬೇರೆಯೇ ಕಾಣುತ್ತದೆ.

ನನಗೆ ತಿಳಿದ ಮಟ್ಟಿಗೆ ಎರಡೇ ದಾರಿ. ಒಂದು, ಒತ್ತಡವನ್ನು ಹೊರಗೇ ತಡೆಯುವುದು. ದಪ್ಪ ಗೋಡೆ ಕಟ್ಟಿ ಒಳಗೆ ನಮ್ಮ ನೆಲದ ಮೇಲಿನ ಗಾಳಿಯನ್ನೇ ಇಟ್ಟುಕೊಳ್ಳುವುದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸುತ್ತಿರುವ ‘ಮತ್ಸ್ಯ 6000’ ಹೀಗೆಯೇ. ಮೂರು ಜನ ಕೂರುವ ಟೈಟಾನಿಯಂ ಗೋಳ, ಅಡ್ಡಳತೆ 2.1 ಮೀಟರ್. 6000 ಮೀಟರ್ ಆಳಕ್ಕೆ ಇಳಿಯಬೇಕು. ಕ್ಯಾಮರೂನ್ ಸ್ವತಃ 2012ರ ಮಾರ್ಚ್ 26ರಂದು ಇಂಥದ್ದೇ ಒಂದು ಗೋಳದಲ್ಲಿ ಒಬ್ಬರೇ ಕೂತು ಮರಿಯಾನಾ ಕಂದಕದ ತಳ ಮುಟ್ಟಿ ಬಂದರು, ಸುಮಾರು 10,900 ಮೀಟರ್. ಗೋಡೆ ಗಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ ಏನಾಗುತ್ತದೆ ಎಂದು 2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೋದ ‘ಟೈಟನ್’ನ ಐದು ಜನರ ಕಥೆ ನೀವೇ ಮುಖಪುಟದಲ್ಲಿ ಹಾಕಿದ್ದಿರಿ.

ಇನ್ನೊಂದು ದಾರಿ, ಒಳಗೆ ಹೊರಗೆ ಒತ್ತಡ ಸಮ ಮಾಡುವುದು. ಇದು ನನ್ನ ಅಂಗಡಿಯ ವಿಷಯ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಸಬ್‌ಮರ್ಸಿಬಲ್ ಮೋಟಾರ್ ಎಂದರೆ ಒಳಗೆ ಒಂದು ಹನಿ ನೀರೂ ಹೋಗದಂತೆ ಬಿಗಿದ ಡಬ್ಬ ಎಂದು ಜಾಸ್ತಿ ಜನ ತಿಳಿದಿದ್ದಾರೆ. ವಾಟರ್ ಫಿಲ್ಡ್ ಮೋಟಾರಿನಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಇಳಿಸುವ ಮೊದಲು ನಾವೇ ಅದರ ಹೊಟ್ಟೆಗೆ ಶುದ್ಧ ನೀರು ತುಂಬುತ್ತೇವೆ. ಗಾಳಿಯ ಗುಳ್ಳೆ ಪೂರ್ತಿ ಹೊರಗೆ ಬರುವ ತನಕ ಅಲುಗಾಡಿಸಿ, ಮತ್ತೆ ತುಂಬಿ, ಬೋಲ್ಟ್ ಬಿಗಿಯುತ್ತೇವೆ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಕರೆಂಟಿನ ಭಯ ಇಲ್ಲ. ಬೇರಿಂಗ್‌ಗೆ ಆ ನೀರೇ ಎಣ್ಣೆ. ಕೆಳಗಡೆ ಒಂದು ರಬ್ಬರ್ ಪೊರೆ, ಅಂದರೆ ಡಯಾಫ್ರಮ್ ಇರುತ್ತದೆ. ಹೊರಗಿನ ನೀರು ಒತ್ತಿದರೆ ಅದು ಒಳಗಿನ ನೀರನ್ನು ಅಷ್ಟೇ ಒತ್ತುತ್ತದೆ. ಎರಡೂ ಕಡೆ ಸಮ ಆದ ಮೇಲೆ ಮೋಟಾರನ್ನು ಹಿಂಡುವುದು ಯಾವುದು? ಯಾವುದೂ ಇಲ್ಲ. ನೀರು ತುಂಬದೆ ಒಣದಾಗಿ ಇಳಿಸಿದ ಮೋಟಾರ್‌ಗಳು ಜಲ್ದಿಯೇ ನನ್ನ ಅಂಗಡಿಗೆ ವಾಪಸ್ ಬರುತ್ತವೆ.

ಈಗ ಸಿನಿಮಾಕ್ಕೆ ಬನ್ನಿ. ಬಡ್‌ನ ಹೆಲ್ಮೆಟ್ಟಿಗೆ ದ್ರವ ತುಂಬುತ್ತಾರೆ. ಅವನು ಅದನ್ನೇ ಒಳಗೆಳೆದುಕೊಂಡು ಶ್ವಾಸಕೋಶ ತುಂಬಿಸಿಕೊಳ್ಳುತ್ತಾನೆ. ಮೈ ಒದ್ದಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ನೋಡುವವರಿಗೆ ಹೊಟ್ಟೆಯಲ್ಲಿ ಸಂಕಟ. ನಾನು ಮಾತ್ರ ಕುರ್ಚಿಯಿಂದ ಎದ್ದುಬಿಟ್ಟೆ. ಗಾಳಿಯನ್ನು ಹಿಂಡಬಹುದು, ದ್ರವವನ್ನು ಹಿಂಡುವುದು ಬಲು ಕಷ್ಟ. ಎದೆಯಲ್ಲಿ ಗಾಳಿಯೇ ಇಲ್ಲದಿದ್ದರೆ ಎದೆಗೂಡು ಅಪ್ಪಚ್ಚಿ ಆಗುವ ಮಾತೇ ಇಲ್ಲ. “ನೋಡವ್ವಾ, ಮೋಟಾರಿಗೆ ನೀರು ತುಂಬ್ಯಾರ” ಎಂದೆ ಮಗಳಿಗೆ. ಅವಳು ಸಿನಿಮಾ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಡಯಾಫ್ರಮ್ ವಿಷಯ ಅವಳ ಪುಸ್ತಕದಲ್ಲಿ ಇರಲಿಲ್ಲವಂತೆ.

ಇದು ಸುಳ್ಳು ಎನ್ನುವವರಿಗೆ ಒಂದು ಮಾತು. ಫ್ಲೋರೋಕಾರ್ಬನ್ ಎಂಬ ದ್ರವ ಇದೆ. ಅದರಲ್ಲಿ ಆಮ್ಲಜನಕ ಭಾಳ ಚೆನ್ನಾಗಿ ಕರಗುತ್ತದೆ. 1966ರಲ್ಲೇ ಅಮೆರಿಕದ ಕ್ಲಾರ್ಕ್ ಮತ್ತು ಗೊಲ್ಲನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳನ್ನು ಇದರಲ್ಲಿ ಮುಳುಗಿಸಿ, ಅವು ಬದುಕಿ ಉಸಿರಾಡಿದ್ದನ್ನು ತೋರಿಸಿದರು. ಸಿನಿಮಾದಲ್ಲಿ ಬಡ್‌ಗಿಂತ ಮೊದಲು ಒಂದು ಬಿಳಿ ಇಲಿಯನ್ನು ದ್ರವದ ಡಬ್ಬದಲ್ಲಿ ಮುಳುಗಿಸುತ್ತಾರಲ್ಲ, ಅದು ಟ್ರಿಕ್ ಅಲ್ಲ. ಆ ಇಲಿ ಖರೇನೇ ದ್ರವ ಉಸಿರಾಡಿದೆ. ಬ್ರಿಟನ್ನಿನಲ್ಲಿ ಪ್ರಾಣಿಹಿಂಸೆ ಎಂದು ಆ ದೃಶ್ಯಕ್ಕೆ ಕತ್ತರಿ ಹಾಕಿದರು, ಅದೂ ಸರಿಯೇ ಎನ್ನಿ, ಇಲಿಯನ್ನು ಯಾರೂ ಕೇಳಿರಲಿಲ್ಲ. ಸಿನಿಮಾ ಬಂದ ಅದೇ 1989ರಲ್ಲಿ ಅಮೆರಿಕದ ವೈದ್ಯರು ಅವಧಿಗೆ ಮೊದಲೇ ಹುಟ್ಟಿದ ಕೂಸುಗಳ ಶ್ವಾಸಕೋಶಕ್ಕೆ ಇಂಥ ದ್ರವ ತುಂಬಿ ನೋಡಿದ್ದರು.

ಸುಳ್ಳು ಇರುವುದು ಬೇರೆ ಕಡೆ. ನಟ ಎಡ್ ಹ್ಯಾರಿಸ್ ದ್ರವ ಉಸಿರಾಡಲಿಲ್ಲ. ಹೆಲ್ಮೆಟ್ ತುಂಬ ದ್ರವ ಇಟ್ಟುಕೊಂಡು ಉಸಿರು ಬಿಗಿಹಿಡಿದು ನಟಿಸಿದರು. ಇನ್ನೊಂದು, ದೊಡ್ಡವರ ಎದೆಯಲ್ಲಿ ಅಷ್ಟು ಭಾರದ ದ್ರವವನ್ನು ಒಳಗೆ ಹೊರಗೆ ಆಡಿಸುವುದು ಸಣ್ಣ ಕೆಲಸವಲ್ಲ. ಅದು ನೀರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ಆಮ್ಲಜನಕ ಒಳಗೆ ಕೊಡಬಹುದು, ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಬೇಗ ಹೊರಗೆ ಬರಬೇಕಲ್ಲ. ತೊಡಕು ಇರುವುದು ಅಲ್ಲಿ. ಅಂಕಣಕಾರರು ಇದನ್ನು ಹಿಡಿದು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಇನ್ನು ಆ ‘ಮಾಮೂಲಿ ವಿಲನ್’. ಕಾಫಿ ಎಂಬ ನೌಕಾಪಡೆಯ ಅಧಿಕಾರಿ. ಅವನ ಕೈ ನೋಡಿದ್ದೀರಾ? ಅದು ನಡುಗುತ್ತದೆ. ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಳ್ಳುತ್ತಾನೆ. ಆಳದಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಅದರ ನೈಟ್ರೋಜನ್ ಅಮಲೇರಿಸುತ್ತದೆ. ಅದಕ್ಕೆ ಹೀಲಿಯಂ ಬೆರೆಸಿ ಕೊಡುತ್ತಾರೆ. ಆದರೆ ಸುಮಾರು 150 ಮೀಟರ್ ದಾಟಿದ ಮೇಲೆ ಕೆಲವರಿಗೆ ನಡುಕ, ತಲೆಸುತ್ತು, ಮಂಕು ಶುರುವಾಗುತ್ತದೆ. ಒತ್ತಡವೇ ನರಗಳನ್ನು ಕೆಡಿಸುತ್ತದೆ. 1960ರ ದಶಕದಿಂದ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಫ್ರಾನ್ಸಿನ ಕೊಮೆಕ್ಸ್ ಕಂಪನಿಯವರು ಈ ನಡುಕ ಕಮ್ಮಿ ಮಾಡಲು ಹೈಡ್ರೋಜನ್ ಬೆರೆಸಿ, 1992ರಲ್ಲಿ ಒಬ್ಬನನ್ನು ಒತ್ತಡದ ಕೋಣೆಯಲ್ಲಿ 701 ಮೀಟರ್ ಆಳದ ಮಟ್ಟಕ್ಕೆ ಕಳಿಸಿದರು. ಸಿನಿಮಾದ ಅಧಿಕಾರಿಗೆ ಈ ಕಾಯಿಲೆ ಬಂದಿದೆ. ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ. ಮೇಲಿನಿಂದ ಬಂದ ಆದೇಶ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ, ಕೈಯಲ್ಲಿ ಅಣುಬಾಂಬ್ ಇದೆ. ಕಂಡ ಬೆಳಕೆಲ್ಲ ಅವನಿಗೆ ರಷ್ಯಾದವರದ್ದು. ಇಂಥವನನ್ನು ಮಾಮೂಲಿ ವಿಲನ್ ಎನ್ನಬಹುದೇ? ಮೈ ಸರಿ ಇಲ್ಲದವನ ಕೈಗೆ ಸ್ವಿಚ್ ಕೊಟ್ಟವರ ಬಗ್ಗೆ ಅಲ್ವಾ ಮಾತಾಡಬೇಕು?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಕಣದಲ್ಲಿ ಇಲ್ಲವೇ ಇಲ್ಲ. ಒಂದೇ ಕಂದಕಕ್ಕೆ ಇಬ್ಬರು ಇಳಿಯುತ್ತಾರೆ. ಆ ಅಧಿಕಾರಿ ಒಣ ಗಾಳಿ ತುಂಬಿದ ಪುಟ್ಟ ಜಲನೌಕೆಯಲ್ಲಿ ಸಿಕ್ಕಿಬಿದ್ದು ಜಾರುತ್ತಾನೆ. ಗಾಜಿನಲ್ಲಿ ಒಂದು ಸಣ್ಣ ಬಿರುಕು ಕಾಣುತ್ತದೆ, ಆಮೇಲೆ ಅದು ಗೆರೆ ಗೆರೆಯಾಗಿ ಹರಡುತ್ತದೆ. ಅವನು ಅದನ್ನೇ ನೋಡುತ್ತಿರುತ್ತಾನೆ. ಟಪ್, ಮುಗಿಯಿತು. ಬಡ್ ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತಾನೆ, ಬರೀ ಒಂದು ಸೂಟಿನಲ್ಲಿ, ಒಳಗೂ ದ್ರವ ಹೊರಗೂ ದ್ರವ. ಅವನು ಬದುಕುತ್ತಾನೆ. ಕ್ಯಾಮರೂನ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡು ದಾರಿಯನ್ನೂ ಒಂದರ ಹಿಂದೆ ಒಂದು ತೋರಿಸಿ ಸುಮ್ಮನಾಗುತ್ತಾರೆ.

ಕೆಳಗೆ ಇಳಿದ ಬಡ್ ಆ ಅಣುಬಾಂಬಿನ ವೈರ್ ಕತ್ತರಿಸುವ ದೃಶ್ಯ ಇದೆಯಲ್ಲ, ಅದು ನೂರಾರು ಸಿನಿಮಾದಲ್ಲಿ ಬಂದದ್ದೇ. ಆದರೆ ಇಲ್ಲಿ ಒಂದು ಮಜಾ ಇದೆ. ನೀಲಿ ವೈರ್ ಮೇಲೆ ಬಿಳಿ ಗೆರೆ ಇರುವುದನ್ನು ಕತ್ತರಿಸಬೇಕು. ಕಪ್ಪು ವೈರ್ ಮೇಲೆ ಹಳದಿ ಗೆರೆ ಇರುವುದನ್ನು ಮುಟ್ಟಬಾರದು. ಬಡ್ ಕೈಯಲ್ಲಿರುವುದು ಬಣ್ಣದ ಬೆಳಕು ಕೊಡುವ ಕಡ್ಡಿ. ಆ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ! ನಮ್ಮ ಕೇಬಲ್ಲಿನಲ್ಲಿ ಕೆಂಪು, ಹಳದಿ, ನೀಲಿ ಮೂರು ಎಳೆ. ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ, ಹೊಲದಲ್ಲಿ ಮೊಬೈಲ್ ಬೆಳಕಿನಲ್ಲಿ, ಮಣ್ಣು ಮೆತ್ತಿದ ಹಳೆಯ ಕೇಬಲ್ ಹಿಡಿದು ಯಾವುದು ಯಾವುದು ಎಂದು ಹುಡುಕಿದವರಿಗೆ ಆ ದೃಶ್ಯದ ಬೆವರು ಗೊತ್ತು. ನಮ್ಮಲ್ಲಿ ತಪ್ಪಿದರೆ ಮೋಟಾರ್ ಉಲ್ಟಾ ತಿರುಗುತ್ತದೆ ಅಷ್ಟೇ, ಪುಣ್ಯ.

ಇದೆಲ್ಲ ಹೇಳಿ ಸಿನಿಮಾದಲ್ಲಿ ದೋಷವೇ ಇಲ್ಲ ಎನ್ನುತ್ತಿಲ್ಲ. ಮುಳುಗಿದ ಹೆಂಗಸನ್ನು ಎದೆ ಒತ್ತಿ, ಕೆನ್ನೆಗೆ ಹೊಡೆದು, ಕೂಗಿ ಎಬ್ಬಿಸುವ ದೃಶ್ಯ ನೋಡಿ ಎಲ್ಲರೂ ಅಳುತ್ತಾರೆ. ನಾನೂ ಅತ್ತೆ. ಆದರೆ ಬಾವಿಯಿಂದ ಎತ್ತಿದವರನ್ನು ಕಂಡವನು ನಾನು, ಹಾಗೆ ಎದ್ದು ಕೂರುವವರು ಅಪರೂಪ. ಈ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬೇಸಿಗೆ ಬಂದರೆ ನಮ್ಮ ಕಡೆ ತೆರೆದ ಬಾವಿಯ ಹೂಳು ತೆಗೆಯಲು ಜನರನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಕೆಲವರು ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗೆ ಇಳಿಸಿ ಚಾಲೂ ಮಾಡುತ್ತಾರೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಇಳಿದವನು ಕುಸಿದ ಎಂದು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಹೋಗುತ್ತಾನೆ. ಇಂಜಿನ್ ಮೇಲೇ ಇರಲಿ, ಇಳಿಯುವ ಮೊದಲು ಬಾವಿಗೆ ಗಾಳಿ ಬಿಡಿ, ಎಂದು ನಿಮ್ಮ ಪತ್ರಿಕೆ ಮಾರ್ಚ್ ತಿಂಗಳಲ್ಲಿ ಒಮ್ಮೆ ದೊಡ್ಡ ಅಕ್ಷರದಲ್ಲಿ ಹಾಕಿದರೆ ಉಪಕಾರ.

ಸಿನಿಮಾದ ದೊಡ್ಡ ದೋಷ ಅನ್ಯಜೀವಿಗಳದ್ದೇ. ಇದರಲ್ಲಿ ಅಂಕಣಕಾರರ ಕಡೆಗೆ ನಾನೂ ಅರ್ಧ ವಾಲುತ್ತೇನೆ. ನೀರೇ ಹಾವಿನಂತೆ ಎದ್ದು ಕೋಣೆಯೊಳಗೆ ಬಂದು ಮನುಷ್ಯರ ಮುಖವನ್ನು ಅನುಕರಿಸುವ ದೃಶ್ಯ ಭಾಳ ಚಲೋ ಇದೆ. ಕಂಪ್ಯೂಟರಿನಲ್ಲಿ ಮಾಡಿದ್ದು, ಒಂದೂ ಕಾಲು ನಿಮಿಷದಷ್ಟು. ಆ ವರ್ಷದ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಈ ಸಿನಿಮಾಕ್ಕೇ ಬಂತು. ನಾಯಕಿ ಅದನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟು ಸಮುದ್ರದ ನೀರು ಎನ್ನುತ್ತಾಳೆ. ನಾವೂ ಹೊಸ ಬೋರ್ ಬಿದ್ದಾಗ ಮೊದಲು ಮಾಡುವ ಕೆಲಸ ಅದೇ. ಆದರೆ ಕೊನೆಯಲ್ಲಿ ಬರುವ ಜೀವಿಗಳು? ಮಿಣುಮಿಣುಕುವ ಚಿಟ್ಟೆಗಳಂತೆ, ಮದುವೆ ಮಂಟಪದ ಲೈಟಿಂಗ್ ಜಾಸ್ತಿ ಆದಂತೆ ಇವೆ.

1977ರಲ್ಲೇ ಗ್ಯಾಲಪಗೊಸ್ ಬಳಿ ಸುಮಾರು 2500 ಮೀಟರ್ ಆಳದಲ್ಲಿ ‘ಆಲ್ವಿನ್’ ಎಂಬ ನೌಕೆಯಲ್ಲಿ ಇಳಿದವರು ಬಿಸಿನೀರಿನ ಬುಗ್ಗೆಗಳನ್ನು ಕಂಡಿದ್ದರು. ಸೂರ್ಯನ ಬೆಳಕು ಎಂದೂ ತಲುಪದ ಜಾಗ. ಅಲ್ಲಿ ಮನುಷ್ಯನೆತ್ತರದ ಕೊಳವೆ ಹುಳುಗಳು. ಅವಕ್ಕೆ ಬಾಯಿಲ್ಲ, ಕರುಳಿಲ್ಲ. ಮೈಯೊಳಗೆ ಬ್ಯಾಕ್ಟೀರಿಯಾ ಸಾಕಿಕೊಂಡಿರುತ್ತವೆ. ಆ ಬ್ಯಾಕ್ಟೀರಿಯಾಗಳೇ ಬುಗ್ಗೆಯಿಂದ ಬರುವ, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲದಿಂದ ಆಹಾರ ಮಾಡಿಕೊಡುತ್ತವೆ. ಇದಕ್ಕಿಂತ ವಿಚಿತ್ರ ಅನ್ಯಜೀವಿ ಬೇಕೇ? ಗುರುಗ್ರಹದ ಚಂದ್ರ ಯುರೋಪಾದ ಹಿಮದ ಕೆಳಗೆ ಸಮುದ್ರ ಇದೆ ಎಂದು ನಂಬಿ 2024ರ ಅಕ್ಟೋಬರಿನಲ್ಲಿ ನಾಸಾ ‘ಯುರೋಪಾ ಕ್ಲಿಪರ್’ ಕಳಿಸಿದ್ದರ ಹಿಂದೆ ಈ ಹುಳುಗಳ ಪಾಲೂ ಇದೆ. ಬೆಳಕಿಲ್ಲದ ಕಡೆಯೂ ಜೀವ ಇರಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಅಷ್ಟು ದೂರ ಯಾಕೆ? ಹಳೆಯ ಬೋರ್‌ನಿಂದ ಪೈಪ್ ಎತ್ತಿದಾಗ ಕೆಲವು ಕಡೆ ಕೆಂಪು ಲೋಳೆ ದಪ್ಪಗೆ ಮೆತ್ತಿಕೊಂಡಿರುತ್ತದೆ. ಕೈಗೆ ಜಾರುತ್ತದೆ, ಕೆಟ್ಟ ವಾಸನೆ. ನಾವು ತುಕ್ಕು ಎಂದು ಉಜ್ಜಿ ಬಿಸಾಡುತ್ತಿದ್ದೆವು. ಒಂದು ಸಲ ಕಾಲೇಜಿನ ಮೇಷ್ಟ್ರೊಬ್ಬರ ತೋಟದಲ್ಲಿ ಮೋಟಾರ್ ಎತ್ತಿದಾಗ ಅವರು, “ತಡೀರಿ ಮಿಸ್ತ್ರಿ, ಇದು ಜೀವ ಅದ. ನೀರಾಗಿನ ಕಬ್ಬಿಣ ಉಂಡು ಬದುಕ್ತದ” ಎಂದರು. ಅಂದಿನಿಂದ ಪೈಪ್ ಎತ್ತುವಾಗ ಹುಡುಗರಿಗೂ ತೋರಿಸುತ್ತೇನೆ. ಒಬ್ಬನೂ ಹೆದರಿಲ್ಲ, ಎಲ್ಲರೂ ಮೂಗು ಮುಚ್ಚಿಕೊಂಡಿದ್ದಾರೆ.

ಕೊನೆಯ ವಿಷಯ. ಅನ್ಯಜೀವಿಗಳು ಸುಮ್ನೆ ಬಂದು ಉಳಿಸುತ್ತವೆ ಎಂದು ಅಂಕಣಕಾರರು ಬರೆದಿರುವುದನ್ನು ನೋಡಿದರೆ, ಅವರು ನೋಡಿರುವುದು 1989ರಲ್ಲಿ ಥಿಯೇಟರಿಗೆ ಬಂದ ಸಣ್ಣ ಆವೃತ್ತಿ. ಅದರಲ್ಲಿ ಕಥೆಯ ಬೆನ್ನುಮೂಳೆಯನ್ನೇ ಕತ್ತರಿಸಿದ್ದಾರೆ. ಆಮೇಲೆ ಬಂದ, ಸುಮಾರು ಅರ್ಧ ಗಂಟೆ ಹೆಚ್ಚು ಉದ್ದದ ಆವೃತ್ತಿಯಲ್ಲಿ ಆ ಜೀವಿಗಳು ಮನುಷ್ಯರ ಯುದ್ಧಗಳನ್ನು ನೋಡಿ ಬೇಸತ್ತು ಜಗತ್ತಿನ ಕರಾವಳಿಗಳಿಗೆಲ್ಲ ಗುಡ್ಡದೆತ್ತರದ ಅಲೆ ಎಬ್ಬಿಸುತ್ತವೆ. ಅಲೆ ದಡದ ಮೇಲೆ ಬಂದು ಹಾಗೇ ನಿಲ್ಲುತ್ತದೆ. ಬೀಳುವುದಿಲ್ಲ. ಬಡ್ ಇನ್ನು ಸಾಯುತ್ತೇನೆ ಎಂದುಕೊಂಡು ಹೆಂಡತಿಗೆ ಟೈಪ್ ಮಾಡಿ ಕಳಿಸಿದ ಮಾತನ್ನು ಅವು ಓದಿರುತ್ತವೆ. ಅದಕ್ಕೆ ಅಲೆ ವಾಪಸ್ ಹೋಗುತ್ತದೆ. ಇದು ಇಲ್ಲದೆ ಕೊನೆ ನೋಡಿದರೆ ಯಾರಿಗಾದರೂ ಪೊಳ್ಳು ಅನಿಸುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯ ನೀರು ಊರೊಳಗೆ ಬಂದದ್ದನ್ನು ನೋಡಿದ ಅಫಜಲಪುರ, ಜೇವರ್ಗಿ ಕಡೆಯ ಜನ ಆ ನಿಂತ ಅಲೆಯನ್ನು ನೋಡಿ ನಗಲಾರರು.

ಹಾಗಿದ್ದೂ ಎರಡೂ ಆವೃತ್ತಿಯಲ್ಲಿ ಒಂದು ತಪ್ಪು ಉಳಿದೇ ಇದೆ. ಅಷ್ಟು ಆಳದಿಂದ ಮೇಲೆ ಬರಲು ವಾರಗಟ್ಟಲೆ ಬೇಕು, ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ ಕೊಲ್ಲುತ್ತದೆ. ಇವರು ಕೆಲವೇ ನಿಮಿಷದಲ್ಲಿ ಮೇಲೆ ಬಂದು ನಗುತ್ತಾ ನಿಲ್ಲುತ್ತಾರೆ. ಆ ಜೀವಿಗಳು ಏನೋ ಮಾಡಿರಬೇಕು ಎಂದು ಒಂದು ಮಾತಿನಲ್ಲಿ ತೇಲಿಸಿಬಿಡುತ್ತಾರೆ. ಎರಡು ಗಂಟೆ ಒತ್ತಡದ ಲೆಕ್ಕ ಇಟ್ಟವರು ಕೊನೆಯ ಐದು ನಿಮಿಷದಲ್ಲಿ ಲೆಕ್ಕದ ಪುಸ್ತಕವನ್ನೇ ನೀರಿಗೆ ಎಸೆದರು. ನನ್ನ ಮಗಳಿಗೆ ಇದೇ ಸಿಟ್ಟು.

ಅಂಕಣದ ಶುರುವಿನಲ್ಲಿ, ಸಮುದ್ರವನ್ನೇ ಕಾಣದ ನಮ್ಮ ಬಿಸಿಲ ನಾಡಿಗೆ ಈ ಸಿನಿಮಾ ದೂರದ್ದು ಎಂಬ ಅರ್ಥದ ಒಂದು ಸಾಲು ಇತ್ತು. ಬೀದರಿನ ಝರಣಿ ನರಸಿಂಹನ ಗುಹೆಗೆ ಅವರು ಒಮ್ಮೆ ಹೋಗಿ ಬರಲಿ. ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು, ತಲೆ ಮೇಲೆ ಬಾವಲಿ, ಹೆಗಲ ಮೇಲೆ ಕೂಸು, ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣದು. ಈ ಸಿನಿಮಾವನ್ನೂ ಸಮುದ್ರದಲ್ಲಿ ತೆಗೆದದ್ದು ಕಮ್ಮಿ. ಸೌತ್ ಕೆರೊಲಿನಾದ ಗ್ಯಾಫ್ನಿ ಎಂಬಲ್ಲಿ, ಅರ್ಧಕ್ಕೆ ಬಿಟ್ಟ ಅಣು ವಿದ್ಯುತ್ ಸ್ಥಾವರದ ಗುಂಡಗಿನ ಕಟ್ಟಡಕ್ಕೆ ಸುಮಾರು 2.8 ಕೋಟಿ ಲೀಟರ್ ನೀರು ತುಂಬಿ, ಬಿಸಿಲು ಒಳಗೆ ಬಾರದಂತೆ ಮೇಲೆ ಕಪ್ಪು ಪ್ಲಾಸ್ಟಿಕ್ ಮಣಿಗಳನ್ನು ತೇಲಿಬಿಟ್ಟು ಕತ್ತಲು ಮಾಡಿಕೊಂಡರು. ಅಲ್ಲೂ ಸಮುದ್ರ ಇರಲಿಲ್ಲ.

ಎರಡು ವಿನಂತಿ. ಹಳೆಯ ಸಿನಿಮಾ ಬಗ್ಗೆ ಬರೆಯುವಾಗ ಯಾವ ಆವೃತ್ತಿ ನೋಡಿ ಬರೆದಿದ್ದು ಎಂದು ಅಂಕಣದ ಕೆಳಗೆ ಒಂದು ಸಾಲು ಹಾಕಿಸಿ. ಇನ್ನೊಂದು, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದವರು ಈ ಪತ್ರ ಓದಿದರೆ, ಇಲಿಯ ದೃಶ್ಯ ಮತ್ತು ಬಡ್ ಇಳಿಯುವ ದೃಶ್ಯ ಇವೆರಡನ್ನು ಶಾಲೆ ಮಕ್ಕಳಿಗೆ ತೋರಿಸಿ ಕನ್ನಡದಲ್ಲಿ ವಿವರಿಸಲಿ. ಉದ್ದಕ್ಕೆ ಸೀಳಿದ ಒಂದು ಹಳೆಯ ಸಬ್‌ಮರ್ಸಿಬಲ್ ಮೋಟಾರ್ ನನ್ನ ಅಂಗಡಿಯಲ್ಲಿದೆ. ಡಯಾಫ್ರಮ್ ಸಮೇತ ಕೊಡುತ್ತೇನೆ, ಒಯ್ಯುವ ಗಾಡಿ ಖರ್ಚು ಅವರದ್ದು.

ಇಂತಿ ನಿಮ್ಮ ಓದುಗ,
ಒಬ್ಬ ಮೋಟಾರ್ ಮಿಸ್ತ್ರಿ
ಆಳಂದ, ಕಲಬುರಗಿ ಜಿಲ್ಲೆ